ಬೆಕ್ಕಿಗಾಗಿ ಹಚ್ಚಿದ ಒಲೆ

ತಿಕೋಟಾದ ಶಿವಯೋಗೆಪ್ಪನ ಮನೆಯಲ್ಲಿ ಎರಡು ಒಲೆಗಳಿದ್ದವು. ಒಂದು, ಅವನ ಅವ್ವನ ಕಾಲದಿಂದ ಒಳಗಿನ ಅಡುಗೆಮನೆಯಲ್ಲಿ ಉರಿಯುತ್ತ ಬಂದದ್ದು. ಅದು ಹಿರಿಯ ಹೆಂಡತಿ ಗುರುಬಸವ್ವನದು. ಇನ್ನೊಂದು, ಅಂಗಳದ ಆಚೆ ದನದ ಕೊಟ್ಟಿಗೆಗೆ ಹತ್ತಿದ ಕೋಣೆಯಲ್ಲಿ ಹಾಕಿದ್ದು. ಅದು ಕಿರಿಯ ಹೆಂಡತಿ ನೀಲಾಬಾಯಿಯದು. ಗುರುಬಸವ್ವನಿಗೆ ಮಕ್ಕಳಾಗಲಿಲ್ಲವೆಂದು ಹಿರಿಯರು ಕೂತು ಮಾತಾಡಿ, ಜತ್ತದ ಕಡೆಯಿಂದ ನೀಲಾಬಾಯಿಯನ್ನು ತಂದಿದ್ದರು. ಐದಾರು ವರ್ಷ ಕಳೆದರೂ ಅವಳ ಮಡಿಲೂ ತುಂಬಿರಲಿಲ್ಲ. ಆ ಮಾತನ್ನು ಈಗ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಗುರುಬಸವ್ವನ ನಾಲಿಗೆಯ ತುದಿಗೆ ಅದು ಎಷ್ಟೋ ಸಲ ಬಂದು ಹೋಗಿತ್ತು. ಆಡದೆ ನುಂಗಿಕೊಂಡದ್ದು ತನ್ನ ದೊಡ್ಡತನವೆಂದೇ ಅವಳು ತಿಳಿದಿದ್ದಳು.

ಶಿವಯೋಗೆಪ್ಪ ಮೊದಮೊದಲು ಒಂದು ದಿನ ಈ ಒಲೆಯ ಮುಂದೆ, ಒಂದು ದಿನ ಆ ಒಲೆಯ ಮುಂದೆ ಊಟಕ್ಕೆ ಕೂಡುತ್ತಿದ್ದ. ಒಂದು ಬೇಸಿಗೆಯಲ್ಲಿ, ‘ಒಳಗ ಭಾಳ ಸೆಕಿ, ಆ ಕೋಣ್ಯಾಗ ಗಾಳಿ ಬರತೈತಿ’ ಎಂದು ಅತ್ತ ಹೋದವನು ಮಳೆ ಬಿದ್ದರೂ ಇತ್ತ ತಿರುಗಲಿಲ್ಲ. ಚಳಿಗಾಲ ಬಂತು, ಆಗಲೂ ಅವನಿಗೆ ಗಾಳಿಯೇ ಬೇಕಾಯಿತು. ಗುರುಬಸವ್ವ ತನ್ನೊಬ್ಬಳ ರೊಟ್ಟಿ ತಾನು ಬಡಿದುಕೊಂಡು ಉಂಡು, ಉಳಿದ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಬೂದಿಯ ಮುಂದೆ ಇಡುತ್ತಿದ್ದಳು.

ಬೂದಿ ಅವಳ ಬೆಕ್ಕು. ನೀಲಾಬಾಯಿ ಈ ಮನೆಯ ಹೊಸ್ತಿಲು ದಾಟಿದ ವರ್ಷವೇ ಗುರುಬಸವ್ವನ ಅವ್ವ ಅದನ್ನು ಬಬಲೇಶ್ವರದಿಂದ ತಂದಿದ್ದಳು. ದಾರಿ ಕಾಣದಂತೆ ಚೀಲದಲ್ಲಿ ಹಾಕಿ ತಂದು, ಬಾಗಿಲು ಮುಂದೆ ಮಾಡಿ, ಒಲೆಯ ಸುತ್ತ ಮೂರು ಸಲ ಸುತ್ತಿಸಿ, ನಾಲ್ಕೂ ಪಾದಕ್ಕೆ ಒಲೆಯ ಬೂದಿ ಹಚ್ಚಿ ಬಿಟ್ಟಿದ್ದಳು. ಹಾಗೆ ಮಾಡಿದರೆ ಬೆಕ್ಕು ಆ ಒಲೆಗೆ ಅಂಟಿಕೊಳ್ಳುತ್ತದೆ, ಬೇರೆ ಕಡೆ ಕಾಲಿಡುವುದಿಲ್ಲ ಎಂದು ಆ ಭಾಗದ ಹೆಂಗಸರ ನಂಬಿಕೆ. ಅವ್ವ ಹೋದ ವರ್ಷ ತೀರಿಕೊಂಡಿದ್ದಳು. ಬೆಕ್ಕು ಮಾತ್ರ ಬೂದಿಯ ಬಣ್ಣದ ಮೈಯನ್ನು ಬೂದಿಯಲ್ಲೇ ಹುದುಗಿಸಿಕೊಂಡು, ದಿನಾ ಗುರುಬಸವ್ವನ ಒಲೆಯಲ್ಲಿ ಮಲಗುತ್ತಿತ್ತು. ಬೆಳಿಗ್ಗೆ ಊದುಗೊಳವೆಯಿಂದ ಒಲೆಯ ಅಂಚಿಗೆ ಎರಡೇಟು ಕುಟ್ಟಿದರೆ ಮೈ ಮುರಿದು ಎದ್ದು, ತನಗೇ ತೊಂದರೆ ಕೊಟ್ಟರೆನ್ನುವ ಹಾಗೆ ಅವಳ ಮುಖ ನೋಡುತ್ತಿತ್ತು.

ನೀಲಾಬಾಯಿ ಎರಡು ಸಲ ಅದಕ್ಕೆ ಬೆಣ್ಣೆ ತೋರಿಸಿ ಕರೆದದ್ದನ್ನು ಗುರುಬಸವ್ವ ಕಂಡಿದ್ದಳು. ಬೆಕ್ಕು ಹೋಗಿ ಬೆಣ್ಣೆ ನೆಕ್ಕಿ ಬಂದಿತ್ತು. ಆ ಎರಡೂ ದಿನ ಬೆಕ್ಕಿಗೆ ರೊಟ್ಟಿ ಸಿಗಲಿಲ್ಲ.

ಹೀಗಿರುವಾಗ ಬಬಲೇಶ್ವರದಿಂದ ತಂಗಿ ಲಕ್ಕವ್ವ ಹೇಳಿ ಕಳಿಸಿದಳು. ಲಕ್ಕವ್ವನ ಗಂಡ ಮನೆಯಳಿಯನಾಗಿ ಬಂದು ತವರಿನ ಹೊಲವನ್ನೇ ನೋಡಿಕೊಂಡಿದ್ದ. ಅವಳಿಗೆ ದಿನ ತುಂಬಿದ್ದವು. ಅವ್ವನಿಲ್ಲದ ಮನೆಯಲ್ಲಿ ಬಾಣಂತನ ಮಾಡಲು ಅಕ್ಕನಲ್ಲದೆ ಇನ್ನಾರು? ಹೋಗಲೇಬೇಕು, ಹೋದರೆ ಒಂದೂವರೆ ಎರಡು ತಿಂಗಳು ಬರುವ ಹಾಗಿಲ್ಲ. ಬಾಣಂತಿ ಕೋಣೆಯ ಸುತ್ತ ಬೆಕ್ಕು ಸುಳಿಯಬಾರದು, ಹಾಗಾಗಿ ಬೂದಿಯನ್ನು ಸಂಗಡ ಒಯ್ಯುವ ಮಾತೇ ಇಲ್ಲ.

ಗುರುಬಸವ್ವ ಬೋಗುಣಿ ತಿಕ್ಕುತ್ತ ಕೂತಾಗ ಒಂದು ಯೋಚನೆ ಬಂದು ಅವಳ ಕೈ ನಿಂತಿತು. ತಾನು ಹೋದ ಮೇಲೆ ಈ ಒಲೆ ಹಚ್ಚುವವರು ಯಾರು? ಚಳಿ ಬಿದ್ದಿದೆ. ಒಲೆ ಆರಿತೆಂದರೆ ಬೆಕ್ಕು ಎರಡು ದಿನ ತಣ್ಣನೆಯ ಬೂದಿ ಕೆದರಿ ನೋಡೀತು. ಮೂರನೆಯ ದಿನ ಅಂಗಳ ದಾಟಿ ಬೆಚ್ಚಗಿರುವ ಒಲೆಗೆ ಹೋದೀತು. ಗಂಡ ಹೋದದ್ದೂ ಹಾಗೆಯೇ, ಅಂಗಳ ದಾಟಿಯೇ.

ಅವಳು ಕೈ ತೊಳೆದುಕೊಂಡು ಎದ್ದು, ಮಗ್ಗುಲ ಮನೆಯ ತಿಪ್ಪವ್ವನಲ್ಲಿಗೆ ಹೋದಳು. ತಿಪ್ಪವ್ವ ಗಂಡ ಸತ್ತ ಮುದುಕಿ. ಸಂಬಂಧದಲ್ಲಿ ಏನೂ ಅಲ್ಲದಿದ್ದರೂ ಗುರುಬಸವ್ವ ಅವಳನ್ನು ಚಿಗವ್ವ ಎಂದೇ ಕರೆಯುತ್ತಿದ್ದಳು.

‘ಚಿಗವ್ವಾ, ನಿನ್ನಿಂದ ಒಂದು ಕೆಲಸ ಆಗಬೇಕು. ನಗಬಾರದು.’

‘ನಗಬ್ಯಾಡ ಅಂದಿ ಅಂದ ಮ್ಯಾಲೆ ನಗು ಬರೂ ಮಾತ ಇರಬೇಕು. ಹೇಳು.’

‘ನಾ ತಿರಗಿ ಬರೂತನಕ ದಿನಾ ಸಂಜಿಕ ನನ್ನ ಒಲಿ ಹಚ್ಚಬೇಕು.’

‘ಹಚ್ಚಿ?’

‘ಹಚ್ಚಿ ಏನೂ ಇಲ್ಲ. ನಾಕು ಸಗಣಿ ಕುಳ್ಳು ಉರಿಸು. ಬೂದಿ ಬೆಚ್ಚಗ ಉಳದ್ರ ಸಾಕು. ಒಂದು ಬಟ್ಟಲ ಹಾಲು ಇಟ್ಟು, ಕೀಲಿ ಹಾಕ್ಕೊಂಡು ಹೋಗು. ಬೆಕ್ಕು ಕಿಡಕ್ಯಾಗ ಹಾದು ಬರತೈತಿ.’

ತಿಪ್ಪವ್ವ ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ಎಲೆಯನ್ನು ಕೈಯಲ್ಲೇ ಹಿಡಿದಳು. ‘ಅಡಗಿ ಇಲ್ಲ, ಉಣ್ಣಾವ್ರಿಲ್ಲ. ಬೆಕ್ಕಿಗಿ ಒಲಿ!’

‘ಹೌದು, ಬೆಕ್ಕಿಗೆ.’

‘ಅಲ್ಲವ್ವಾ, ಮನ್ಯಾಗ ಇನ್ನೊಂದು ಹೆಣಮಗಳು ಐತೆಲ್ಲ. ಅಕಿಗಿ ಒಂದು ಮಾತು ಹೇಳಿದ್ರ ನಿನ್ನ ಬೆಕ್ಕಿಗಿ ಒಂದು ತುತ್ತು ಹಾಕೂದಿಲ್ಲೇನು?’

‘ಹಾಕತಾಳ. ಅದಕ್ಕ ನಿನ್ನ ಹಂತ್ಯಾಕ ಬಂದೀನಿ.’

ಮುದುಕಿಗೆ ಆಗ ಅರ್ಥವಾಯಿತು. ನಗುವುದಿಲ್ಲ ಎಂದು ಅವಳು ಮಾತು ಕೊಟ್ಟಿರಲಿಲ್ಲ, ನಕ್ಕಳು. ‘ಗಂಡನ್ನ ಕೊಟ್ಟು ಬೆಕ್ಕಿನ್ನ ಕಾಯಾಕತ್ತಿ ಅನ್ನು.’

ಗುರುಬಸವ್ವ ಸೆರಗಿನ ಗಂಟು ಬಿಚ್ಚತೊಡಗಿದಳು. ತಿಪ್ಪವ್ವ ಅಂದ ಮೇಲೆ ಅನ್ನಬಾರದಿತ್ತೆಂದುಕೊಂಡಳೇನೋ, ಕೈ ಮುಂದೆ ಚಾಚಿ ‘ತಾ ಕೀಲಿ’ ಎಂದಳು.

ಇಂಥ ಸುದ್ದಿ ಊರಲ್ಲಿ ಕಾಲೂರಿ ನಡೆಯುವುದಿಲ್ಲ. ಮರುದಿನವೇ ಚಾವಡಿಯಲ್ಲಿ ಯಾರೋ ಶಿವಯೋಗೆಪ್ಪನನ್ನು, ‘ಏನಪಾ, ಈ ಲಡಾಯಿ, ಕಂಟ್ರೋಲಿನ ಕಾಲದಾಗ ನಮಗ ಒಂದು ಒಲಿ ಉರಸಾಕ ತ್ರಾಸು. ನಿಮ್ಮನ್ಯಾಗ ಬೆಕ್ಕಿಗಿ ಬ್ಯಾರೆ ಒಲಿ ಐತಂತಲ್ಲೊ’ ಎಂದು ಕೇಳಿದರು. ಅವನು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದು, ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತ.

‘ಜನಾ ನಗತಾರಬೇ.’

ಗುರುಬಸವ್ವ ಪೆಟ್ಟಿಗೆಗೆ ಸೀರೆ ಜೋಡಿಸುತ್ತಿದ್ದಳು. ‘ಎರಡನೇ ಒಲಿ ಹೂಡಿದಾಗೂ ನಕ್ಕಿದ್ರು. ಅವತ್ತ ನಿಮಗ ಕೇಳಿಸಿದ್ದಿಲ್ಲ.’

ಅವನು ಹೆಗಲ ಮೇಲಿನ ಟವೆಲ್ಲನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡು ಅಂಗಳ ದಾಟಿ ಹೋದ.

ಹೊರಡುವ ದಿನ ಬೂದಿಗೆ ಏನು ತಿಳಿಯಿತೋ, ಪೆಟ್ಟಿಗೆಯ ಮೇಲೆ ಏರಿ ಕೂತಿತು. ಗುರುಬಸವ್ವ ಎತ್ತಿ ಒಲೆಯ ಮುಂದೆ ಬಿಟ್ಟಳು, ಅದು ಮತ್ತೆ ಬಂತು. ನೀಲಾಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಳೆಯ ವಯಸ್ಸು, ಕಡ್ಡಿಯಂಥ ಮೈ. ತಾನು ಮನೆಯಲ್ಲಿರುವಾಗಲೇ ಹೊರಗಿನವಳಿಗೆ ಕೀಲಿಕೈ ಹೋದದ್ದು ಅವಳಿಗೂ ಗೊತ್ತಿತ್ತು. ಆದರೂ ಅಂದಳು: ‘ಅಕ್ಕಾರ, ಬೆಕ್ಕಿನ ಚಿಂತಿ ಬಿಡ್ರಿ. ನಾ ಇದ್ದೀನಲ್ರಿ.’

‘ನೀ ಇದ್ದಿ ಅಂತನ ಚಿಂತಿ’ ಎಂದು ಗುರುಬಸವ್ವ ಪೆಟ್ಟಿಗೆ ಎತ್ತಿಕೊಂಡಳು.

ಬಬಲೇಶ್ವರದಲ್ಲಿ ಲಕ್ಕವ್ವನಿಗೆ ಹೆಣ್ಣುಮಗು ಹುಟ್ಟಿತು. ಕೂಸು ತಾಯಿ ಇಬ್ಬರೂ ನೆಟ್ಟಗಿದ್ದರು. ಗುರುಬಸವ್ವನಿಗೆ ಕೈತುಂಬ ಕೆಲಸ. ಬೆಳಗಿನಿಂದ ಕೂಸಿಗೆ ಎಣ್ಣೆ ನೀರು, ಬಾಣಂತಿಗೆ ಎರೆಯುವುದು, ಕಾಸುವುದು, ಅಂಟಿನ ಉಂಡೆ ಕಟ್ಟುವುದು. ಹಡೆಯದ ಅವಳ ಕೈಗೆ ಕೂಸು ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ, ನೋಡಲು ಬಂದ ಹೆಂಗಸರು ಅದನ್ನು ಹೇಳಲೂ ಆಗದೆ ಬಿಡಲೂ ಆಗದೆ ಸೆರಗಿನ ತುದಿ ತಿರುವುತ್ತ ಕೂಡುತ್ತಿದ್ದರು. ಹಗಲು ಹೇಗೋ ಸರಿಯುತ್ತಿತ್ತು. ಸಂಜೆ ಬಾಣಂತಿಯ ಅಗ್ಗಿಷ್ಟಿಕೆಗೆಂದು ಒಲೆಯಿಂದ ಕೆಂಡ ತೆಗೆಯುವಾಗ ಮಾತ್ರ ಅವಳ ಮನಸ್ಸು ಮೋಟಾರು ಹತ್ತಿ ತಿಕೋಟಾಕ್ಕೆ ಹೋಗುತ್ತಿತ್ತು. ಈಗ ಚಿಗವ್ವ ಕೀಲಿ ತೆಗೆದಿರುತ್ತಾಳೆ. ಈಗ ಕುಳ್ಳಿಗೆ ಬೆಂಕಿ ಹಿಡಿದಿರುತ್ತದೆ. ಈಗ ಆಚೆ ಕೋಣೆಯ ಹೊಸ್ತಿಲಲ್ಲಿ ನೀಲಾಬಾಯಿ ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ಕೂತಿರುತ್ತಾಳೆ.

‘ಅಕ್ಕಾ, ಕೆಂಡ ಆರಾಕತ್ತಾವು’ ಎಂದು ಲಕ್ಕವ್ವ ಒಳಗಿನಿಂದ ಕೂಗುತ್ತಿದ್ದಳು. ‘ಯಾರ ಮ್ಯಾಲೆ ಧ್ಯಾನ? ಮಾವನ ಮ್ಯಾಲೇನು?’

‘ಅವರ ಧ್ಯಾನ ಮಾಡಾಕ ಬ್ಯಾರೆಯವ್ರು ಅದಾರ’ ಎಂದು ಗುರುಬಸವ್ವ ಕೆಂಡ ಒಯ್ದು ಇಡುತ್ತಿದ್ದಳು.

ತೊಟ್ಟಿಲ ಕಾರ್ಯಕ್ಕೆ ಶಿವಯೋಗೆಪ್ಪ ಬಾಣಂತಿಗೆ ಕುಬಸದ ಅರಿವೆ ತೆಗೆದುಕೊಂಡು ಬಂದ. ಬಂದವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತ. ಗುರುಬಸವ್ವ ನೀರು ಕೊಟ್ಟು, ಬಾಗಿಲ ಮರೆಯಲ್ಲಿ ನಿಂತು ಒಂದೊಂದಾಗಿ ಕೇಳಿದಳು.

‘ಕಡ್ಲಿ?’

‘ಹೂವು ಬಿಟ್ಟಾವು.’

‘ಎಮ್ಮಿ?’

‘ಚಲೋ ಹಾಲು ಕೊಡಾಕತ್ತೈತಿ.’

‘ಚಿಗವ್ವ?’

‘ಅಕಿಗೇನ ಆಗಿರತೈತಿ? ಊರಿಗೆಲ್ಲ ಬಾಯಿ ಅಕಿ.’

ಇಷ್ಟು ಕೇಳಿದ ಮೇಲೆ ಕೇಳಬಹುದು ಎನ್ನಿಸಿ, ‘ಮತ್ತ, ಬೆಕ್ಕು?’ ಎಂದಳು.

‘ಬೆಕ್ಕಾ? ಮರಿ ಹಾಕೇತಿ. ನಾಕು.’

ಗುರುಬಸವ್ವನಿಗೆ ತಡೆಯಲಾರದೆ ನಗು ಬಂತು. ಹೊರಡುವಾಗ ಬೆಕ್ಕಿನ ಹೊಟ್ಟೆ ತುಸು ತುಂಬಿಕೊಂಡಿದ್ದನ್ನು ಕಂಡಿದ್ದಳು, ತನ್ನ ಕೈಯ ಹಾಲು ರೊಟ್ಟಿಯ ಗುಣವೆಂದುಕೊಂಡಿದ್ದಳು. ಹೆಂಡತಿ ನಕ್ಕದ್ದು ನೋಡಿ ಶಿವಯೋಗೆಪ್ಪನಿಗೂ ಹುರುಪು ಬಂತು. ‘ಮೂರು ತಾಯಿ ಬಣ್ಣದವು, ಒಂದು ಕರೇದು. ಕರೇದು ಭಾಳ ಜೋರೈತಿ.’

‘ಎಲ್ಲಿ ಹಾಕೇತ್ರಿ? ಸಂದೂಕದ ಹಿಂದ?’

‘ಒಲ್ಯಾಗ ಹಾಕೇತಿ.’

‘ಒಲ್ಯಾಗ? ಚಿಗವ್ವ ದಿನಾ ಬೆಂಕಿ ಹಾಕತಾಳಲ್ರಿ. ಉರಿಯೂ ಒಲ್ಯಾಗ ಹ್ಯಾಂಗ ಹಾಕತೈತಿ?’

ಶಿವಯೋಗೆಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಚಳಿಗಾಲದಲ್ಲಿ ಅಲ್ಲೇನೂ ಬೆವರಿರಲಿಲ್ಲ. ‘ಆ ಒಲ್ಯಾಗ’ ಎಂದ.

‘ಆ’ ಎಂದರೆ ಯಾವುದು ಎಂದು ಆ ಮನೆಯವರು ಕೇಳಬೇಕಾಗಿರಲಿಲ್ಲ. ಹೆಂಡತಿಗೆ ಸಮಾಧಾನವಾಗಲೆಂದು ಅವನು ಇನ್ನೊಂದು ಮಾತು ಸೇರಿಸಿದ: ‘ನೀ ಏನೂ ಚಿಂತಿ ಮಾಡಬ್ಯಾಡ. ನೀಲಾಬಾಯಿ ಎರಡೂ ಹೊತ್ತು ಹಾಲು ಹಾಕತಾಳ. ಮತ್ತ, ಆ ಒಲಿ…’

ಅಷ್ಟರಲ್ಲಿ ತೊಟ್ಟಿಲು ತೂಗಲು ಹೆಂಗಸರು ಕೂಗಿದರು. ಗುರುಬಸವ್ವ ಒಳಗೆ ಹೋದಳು. ಎಲ್ಲರೂ ಕೂಸಿನ ಕಿವಿಯಲ್ಲಿ ಹೆಸರು ಕರೆಯುವಾಗ ಅವಳ ಕಣ್ಣ ಮುಂದೆ ಬೇರೆಯೇ ನಡೆಯುತ್ತಿತ್ತು. ನೀಲಾಬಾಯಿ ಬಾಗಿಲು ಮುಂದೆ ಮಾಡಿಕೊಂಡಿದ್ದಾಳೆ. ಬೆಕ್ಕನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಒಲೆಯ ಸುತ್ತ ಒಂದು ಸಲ, ಎರಡು ಸಲ, ಮೂರು ಸಲ ಸುತ್ತಿಸುತ್ತಿದ್ದಾಳೆ. ಅವ್ವ ಬೂದಿ ಹಚ್ಚಿದ ಪಾದಗಳಿಗೆ ತನ್ನ ಒಲೆಯ ಬೂದಿ ಹಚ್ಚುತ್ತಿದ್ದಾಳೆ. ಇಲ್ಲದಿದ್ದರೆ ಬೆಚ್ಚನೆಯ ಒಲೆ ಬಿಟ್ಟು ಅದು ಅಲ್ಲಿಗೇಕೆ ಹೋಗುತ್ತದೆ?

ಗಂಡ ಅಂದೇ ತಿರುಗಿ ಹೋದ. ತೊಟ್ಟಿಲಿಗೆ ಬಂದ ಸೋದರತ್ತೆ ಇನ್ನಷ್ಟು ದಿನ ಉಳಿಯುತ್ತೇನೆಂದಳು. ಗುರುಬಸವ್ವ ಅವಳ ಕೈಗೆ ಎಣ್ಣೆಯ ಬಟ್ಟಲು ಕೊಟ್ಟು, ಕೂಸನ್ನು ಹೇಗೆ ಹಿಡಿಯಬೇಕೆಂದು ತೋರಿಸಿ, ಎಲ್ಲ ಒಪ್ಪಿಸಿ, ಮರುದಿನ ಬೆಳಿಗ್ಗೆ ಹೊರಟೇಬಿಟ್ಟಳು. ಲಕ್ಕವ್ವನಿಗೆ ಸಿಟ್ಟು ಬಂತು. ‘ಅವ್ವ ಇದ್ದಿದ್ರ ಅರ್ಧಕ್ಕ ಬಿಟ್ಟು ಹೋಗತಿದ್ಲೇನು?’

‘ಅವ್ವ ತಂದುಕೊಟ್ಟದ್ದು ಹೋಗಾಕತ್ತೇತಿ, ಅದಕ್ಕ ಹೋಗಾಕತ್ತೀನಿ’ ಎಂದಳು ಗುರುಬಸವ್ವ. ಲಕ್ಕವ್ವನಿಗೆ ಅದೇನೆಂದು ತಿಳಿಯಲಿಲ್ಲ. ಬಂಗಾರದ ಮಾತಿರಬೇಕೆಂದು ಸುಮ್ಮನಾದಳು.

ಇದ್ದಲಿ ಹಾಕಿ ಓಡಿಸುವ ಮೋಟಾರು ಹೊಗೆ ಕಾರುತ್ತ ವಿಜಾಪುರಕ್ಕೆ ಬಂದು ಮುಟ್ಟಿದಾಗ ಬಿಸಿಲು ಏರಿತ್ತು. ತಿಕೋಟಾದ ಮೋಟಾರಿಗೆ ಇನ್ನೂ ಹೊತ್ತಿತ್ತು. ಗುರುಬಸವ್ವ ಸ್ಟೇಷನ್ ರಸ್ತೆಯಲ್ಲಿ ಹಗ್ಗ, ಮೊರ, ಬುಟ್ಟಿ ಮಾರುವ ಚಮನಸಾಬನ ಅಂಗಡಿಯ ಮುಂದೆ ನಿಂತಳು. ದಾರಿಯುದ್ದಕ್ಕೂ ಅವಳು ಯೋಚಿಸಿ ಮುಗಿಸಿದ್ದಳು. ತಾಯಿಯನ್ನು ಎಳೆದು ತರುವುದಾಗದು, ಮರಿಗಳನ್ನು ತಂದರೆ ತಾಯಿ ತಾನಾಗಿ ಹಿಂದೆ ಬರುತ್ತದೆ.

‘ಮುಚ್ಚಳ ಇರೂ ಬುಟ್ಟಿ ಬೇಕಾಗಿತ್ರಿ.’

ಚಮನಸಾಬ ಒಂದು ಬುಟ್ಟಿ ಇಳಿಸಿ ಧೂಳು ಹೊಡೆದ. ಅವಳ ಹಣೆಯ ವಿಭೂತಿಯನ್ನೂ ಬುಟ್ಟಿಯನ್ನೂ ನೋಡಿ, ‘ಇದು ಕೋಳಿ ಒಯ್ಯೂ ಬುಟ್ಟಿ ಐತ್ರಿ ಅಕ್ಕಾರ. ನಿಮ್ಮ ಮನ್ಯಾಗ…’ ಎಂದು ಅನುಮಾನಿಸಿದ.

‘ಶಿವಾ ಶಿವಾ! ಬೆಕ್ಕಿನ ಮರಿಗಿ ಬೇಕಾಗೇತಿ.’

‘ಬೆಕ್ಕಿಗಿ?’ ಚಮನಸಾಬ ನಗುತ್ತ ಬುಟ್ಟಿ ಮುಂದಿಟ್ಟ. ‘ಕೊಡತೀನಿ, ಒಯ್ರಿ. ಆದ್ರ ನಮ್ಮ ಮನ್ಯಾಗೂ ಒಂದು ಐತ್ರಿ. ಕುಂಡ್ರು ಅಂದಲ್ಲಿ ಅದು ಒಂದು ದಿನಾನೂ ಕುಂತಿಲ್ಲ.’

ತಿಕೋಟಾದಲ್ಲಿ ಇಳಿದು ತಮ್ಮ ಓಣಿಗೆ ತಿರುಗಿದಾಗಲೇ ಅವಳು ಮಾಳಿಗೆಯ ಮೇಲೆ ಹೊಗೆ ಕಂಡಳು. ಅದು ತನ್ನ ಅಡುಗೆಮನೆಯ ಹೊಗೆ. ಚಿಗವ್ವ ಸಂಜೆ ಹಚ್ಚಬೇಕಾದ ಒಲೆ ಮಟಮಟ ಮಧ್ಯಾಹ್ನ ಉರಿಯುತ್ತಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಇಟ್ಟವಳೇ ಬುಟ್ಟಿಯ ಸಮೇತ ಅವಳು ಅಡುಗೆಮನೆಗೆ ನುಗ್ಗಿದಳು.

ನೀಲಾಬಾಯಿ ಅವಳ ಒಲೆಯ ಮುಂದೆ, ಅವಳ ಮಣೆಯ ಮೇಲೆ ಕೂತು, ಅವಳ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು.

‘ಯಾರ ಕೊಟ್ರು ಕೀಲಿ?’

ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಮುಖ ಬಾಡಿತ್ತು, ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ‘ಬರ್ರಿ ಅಕ್ಕಾರ. ಕಾಲಿಗಿ ನೀರು ತರತೀನಿ.’

‘ನೀರು ಹಾಳಾಗ್ಲಿ. ನಾ ಕೀಲಿ ಕೇಳಿದೆ.’

‘ತಿಪ್ಪವ್ವ ಚಿಗವ್ವ ಕೊಟ್ಟಾಳ್ರಿ.’

‘ಯಾಕ? ನಿನ್ನ ಒಲಿ ಕುಸದು ಬಿತ್ತೇನು?’

‘ನನ್ನ ಒಲಿ ಈಗ ನಿಮ್ಮ ಬೆಕ್ಕಿಂದ್ರಿ’ ಎಂದಳು ನೀಲಾಬಾಯಿ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಮುಟ್ಟಲಿಲ್ಲ.

ಗೋಡೆಯಾಚೆ ದನಿ ಕೇಳಿ ತಿಪ್ಪವ್ವ ಬಂದೇ ಬಿಟ್ಟಳು. ಮೊದಲು ಸೀದ ರೊಟ್ಟಿ ತೆಗೆದಳು, ಆಮೇಲೆ ಹೇಳತೊಡಗಿದಳು.

‘ನೀ ಹೋದ ಮ್ಯಾಲೆ ಈ ಹುಡಗಿ ಜ್ವರಾ ಬಂದು ಮಲಗತು. ಎದ್ದು ಕುಂಡ್ರಾಕ ಆಗಲಾರದಂಥಾ ಜ್ವರ. ಅಕಿಗಿ ಗಂಜಿ ಬೇಕು, ನಿನ್ನ ಗಂಡಗ ರೊಟ್ಟಿ ಬೇಕು. ಹ್ಯಾಂಗೂ ನಿನ್ನ ಒಲಿ ಹಚ್ಚತಿದ್ನೆಲ್ಲ, ಅದರ ಮ್ಯಾಲನ ಎಲ್ಲಾ ಮಾಡಿದೆ. ಮುಂಜಾನಿಂದ ಸಂಜೀತನಕ ನಿನ್ನ ಒಲಿ ಆರಲೇ ಇಲ್ಲ. ಬೆಕ್ಕು ಬಂದು ಹಣಿಕಿ ಹಾಕತು, ಬೆಂಕಿ. ಮತ್ತ ಬಂತು, ಬೆಂಕಿ. ದಿನಾ ತುಂಬಿದ ಹೆಣ್ಣು ಬೆಂಕ್ಯಾಗ ಹಡೀತೈತೇನಬೇ? ಆ ಕೋಣ್ಯಾಗಿನ ಒಲಿ ತಣ್ಣಗ ಬಿದ್ದಿತ್ತು, ಮೆತ್ತಗ ಬೂದಿ ಇತ್ತು. ಹೋತು, ಹಡೀತು.’

‘ಇಕಿ ಒಲಿ ಸುತ್ತಿಸಿಲ್ಲ?’

‘ಇಕಿ? ಎದ್ದು ನಿಂತ್ರ ಗ್ವಾಡಿ ಹಿಡೀತಿತ್ತು ಇದು. ಬೆಕ್ಕಿನ್ನ ಸುತ್ತಸತೈತಂತ!’ ತಿಪ್ಪವ್ವ ಕೈ ಬೀಸಿದಳು. ‘ನೀನ ಹೇಳಿ ಹೋದಿಯವ್ವಾ ಒಲಿ ಹಚ್ಚು ಅಂತ. ನಾ ಹಚ್ಚಿದೆ.’

ಬೈಯಲು ಯಾರೂ ಸಿಗದ್ದರಿಂದಲೇ ಗುರುಬಸವ್ವನ ಸಿಟ್ಟು ಇನ್ನಷ್ಟು ಏರಿತು. ಬುಟ್ಟಿ ಹಿಡಿದು ಅಂಗಳ ದಾಟಿದಳು. ಆ ಕೋಣೆಯೊಳಗೆ ಅವಳು ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಬಾಗಿಲಿಗೆ ಎದುರಾಗಿಯೇ ಒಲೆ. ಒಲೆಯ ಬಾಯಿಂದ ಎರಡು ಹಸಿರು ಕಣ್ಣು ಅವಳನ್ನು ನೋಡಿದವು. ಅವಳು ಕುಕ್ಕರಗಾಲಿನಲ್ಲಿ ಕೂತು ‘ಬೂದೀ’ ಎಂದಳು. ಬೆಕ್ಕು ಎದ್ದು ಬಂದು, ತಲೆಯಿಂದ ಅವಳ ಮೊಣಕಾಲು ತಿಕ್ಕಿತು, ಸುತ್ತ ಒಂದು ಸಲ ಸುಳಿಯಿತು. ಮರೆತಿಲ್ಲ, ಮರೆತಿಲ್ಲ ಎಂದು ಗುರುಬಸವ್ವ ಅಂದುಕೊಳ್ಳುತ್ತಿರುವಾಗಲೇ ಅದು ತಿರುಗಿ ಒಲೆಯೊಳಗೆ ಹೋಗಿ ಮಲಗಿತು.

ಅವಳು ಮರಿಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದಳು. ಆಗಷ್ಟೇ ಕಣ್ಣು ಬಿಡುತ್ತಿದ್ದ ಮರಿಗಳು ಕುಂಯ್ಗುಟ್ಟಿದವು. ತನ್ನ ಅಡುಗೆಮನೆಯಲ್ಲಿ ಸಂದೂಕದ ಮಗ್ಗುಲಿಗೆ ಬುಟ್ಟಿ ಇಟ್ಟು, ಮುಚ್ಚಳ ತೆಗೆದು ಕಾಯುತ್ತ ಕೂತಳು. ಬೆಕ್ಕು ಬಂತು. ಬುಟ್ಟಿ ಮೂಸಿತು. ಒಂದು ಮರಿಯ ಕುತ್ತಿಗೆ ಹಿಡಿದು ಎತ್ತಿ, ಅವಳ ಮುಂದೆಯೇ, ನೀಲಾಬಾಯಿಯ ಮುಂದೆಯೇ ಅಂಗಳಕ್ಕೆ ಇಳಿಯಿತು. ಹೋಗಿ ಮತ್ತೆ ಬಂತು. ಎರಡನೆಯದನ್ನು ಒಯ್ದಿತು. ನೀಲಾಬಾಯಿ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಲೇ ಇದ್ದಳು. ತಿಪ್ಪವ್ವ ಮಾತ್ರ ಸೆರಗು ಬಾಯಿಗೆ ಹಿಡಿದು ನಗು ತಡೆಯುತ್ತ ಅಲುಗಾಡುತ್ತಿದ್ದಳು. ಹೊಲದಿಂದ ಎತ್ತು ಹೊಡೆದುಕೊಂಡು ಬಂದ ಶಿವಯೋಗೆಪ್ಪ, ಕರಿಮರಿ ಕಚ್ಚಿಕೊಂಡು ಅಂಗಳ ದಾಟುತ್ತಿದ್ದ ಬೆಕ್ಕಿಗೆ ದಾರಿ ಬಿಟ್ಟು ನಿಂತ. ನಿಂತವನು ಹೆಂಡತಿಯನ್ನು ಕಂಡು, ‘ಯಾವಾಗ ಬಂದಿ?’ ಎಂದ.

‘ನಾಳಿಂದ ನಿನ್ನ ಒಲಿ ನೀ ಹಚ್ಚಿಕೊ’ ಎಂದಳು ಗುರುಬಸವ್ವ ನೀಲಾಬಾಯಿಗೆ, ಬರಿದಾದ ಬುಟ್ಟಿಯನ್ನು ಕಾಲಿನಿಂದ ಸರಿಸುತ್ತ.

‘ಹಚ್ಚಿಕೊಂತೀನ್ರಿ ಅಕ್ಕಾರ. ಮರಿ ನೀವ ತಗದು ಕೊಡ್ರಿ’ ಎಂದಳು ನೀಲಾಬಾಯಿ.

ಗುರುಬಸವ್ವ ಬುಟ್ಟಿಗೆ ಮುಚ್ಚಳ ಹಾಕಿ ಮೂಲೆಗೆ ಇಟ್ಟಳು.

ಮರುದಿನ ಗುರುಬಸವ್ವ ಬೇಗ ಎದ್ದು ತನ್ನ ಒಲೆ ತಾನು ಸಾರಿಸಿ, ಬೆಂಕಿ ಮಾಡಿದಳು. ನೀಲಾಬಾಯಿ ಎಮ್ಮೆ ಹಿಂಡಿ, ನೀರು ತಂದು, ಇನ್ನೇನು ಮಾಡಬೇಕೆಂದು ತಿಳಿಯದೆ ಕೊಟ್ಟಿಗೆಯ ಕಡೆ ಸುಳಿದಾಡಿದಳು. ಮಧ್ಯಾಹ್ನ ಶಿವಯೋಗೆಪ್ಪ ಹೊಲದಿಂದ ಬಂದು ಕೈಕಾಲು ತೊಳೆದ. ಇಷ್ಟು ದಿನದ ರೂಢಿಯಲ್ಲಿ ಅವನ ಕಾಲು ಒಳಗಿನ ಅಡುಗೆಮನೆಗೇ ನಡೆಯಿತು. ಬಂದು ಮಣೆಯ ಮೇಲೆ ಕೂತ ಮೇಲೆ ಎದುರಿಗೆ ಇದ್ದವಳು ಯಾರೆಂದು ನೋಡಿದ. ಏಳಬೇಕೋ ಕೂಡಬೇಕೋ ತಿಳಿಯದೆ ಒಂದು ಗಳಿಗೆ ಹಾಗೆಯೇ ಇದ್ದ. ಗುರುಬಸವ್ವ ತಾಟು ಮುಂದೆ ಸರಿಸಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದು ಚೂರು ಬೆಳ್ಳುಳ್ಳಿ ಖಾರ. ಅವನು ಉಂಡ. ಎರಡನೆಯ ರೊಟ್ಟಿ ಮುರಿಯುವಾಗ, ಅವಳ ಕಡೆ ನೋಡದೆ, ‘ನಿನ್ನ ಕೈಯಾನ ಪುಂಡಿಪಲ್ಯ ಉಂಡು ಭಾಳ ದಿನಾ ಆಗಿತ್ತು’ ಎಂದ.

ಗಾಳಿಯ ಮಾತು ಅವನು ಎತ್ತಲಿಲ್ಲ.

ಗುರುಬಸವ್ವ ಮೂರನೆಯ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಅದು ಉಬ್ಬುವುದನ್ನು ನೋಡುತ್ತ ಕೂತಳು. ಆಗ ಅವಳಿಗೆ ಹೊಳೆಯಿತು. ಒಲೆಯಲ್ಲಿ ಬೆಕ್ಕು ಮಲಗಿದೆಯೆಂದರೆ ಅಲ್ಲಿ ಅಡುಗೆ ಇಲ್ಲ. ಐದಾರು ವರ್ಷ ಅವಳು ಅತ್ತು, ಸುಮ್ಮನಿದ್ದು, ಹರಕೆ ಹೊತ್ತು ಆರಿಸಲಾರದ ಒಲೆಯನ್ನು ಬೂದಿ ಹೋಗಿ, ಒಳಗೆ ಮಲಗಿ, ಆರಿಸಿಬಿಟ್ಟಿತ್ತು. ತಾನು ನಿನ್ನೆ ಅದನ್ನು ಅಲ್ಲಿಂದ ಎಬ್ಬಿಸಲು ಹೋಗಿದ್ದಳು, ಅದೂ ಬುಟ್ಟಿ ತಂದು! ಅವಳು ತನ್ನಷ್ಟಕ್ಕೆ ನಾಲಿಗೆ ಕಚ್ಚಿಕೊಂಡಳು.

ಗಂಡ ಉಂಡು ಎದ್ದು ಹೋದ ಮೇಲೆ ಅವಳು ಹಾಲು ಕಾಯಿಸಿದಳು. ಪೆಟ್ಟಿಗೆಯಿಂದ ತನ್ನ ಹಳೆಯ ಸೀರೆಯೊಂದನ್ನು ತೆಗೆದು ಹರಿದು, ಮಡಚಿಕೊಂಡು ಅಂಗಳ ದಾಟಿದಳು. ಮರಿಗಳ ಕೆಳಗೆ ಅರಿವೆ ತೂರಿಸಿ, ಗಾಳಿ ತಾಗದಂತೆ ಒಲೆಯ ಬಾಯಿಗೆ ಒಂದು ಹಲಗೆ ಅಡ್ಡ ಇಡುತ್ತಿರುವಾಗ ಹಿಂದೆ ನೀಲಾಬಾಯಿ ಬಂದು ನಿಂತದ್ದು ತಿಳಿಯಿತು.

‘ನಾನೂ ಹಾಲು ಇಟ್ಟಿದ್ನಿರಿ ಅಕ್ಕಾರ.’

‘ಅದು ತಣ್ಣಗೈತಿ. ಹಡದಾಕಿಗಿ ತಣ್ಣಂದು ಕೊಡಬಾರದು’ ಎಂದು ಗುರುಬಸವ್ವ ಆ ಬಟ್ಟಲನ್ನು ಆಚೆ ಸರಿಸಿ ತನ್ನದನ್ನು ಇಟ್ಟಳು.

‘ಮರಿ ಕಣ್ಣು ಬಿಟ್ಟಾವ್ರಿ. ಇನ್ನೊಂದು ಸ್ವಲ್ಪ ದಿನಕ್ಕ ಎದ್ದು ಅಡ್ಡಾಡತಾವು. ಆಗ ನನ್ನ ಒಲಿ ಖಾಲಿ ಆಗತೈತ್ರಿ.’

‘ಯಾಕ ಅಷ್ಟು ಅವಸರ?’ ಗುರುಬಸವ್ವ ತಿರುಗಿ ನೋಡಲಿಲ್ಲ. ‘ತಾನಾಗಿ ಏಳೂತನಕ ಎಬ್ಬಿಸಬಾರದು. ಪಾಪ ಬರತೈತಿ. ಎದ್ದು ಹೋದ ಮ್ಯಾಲೂ ಒಲಿ ಸ್ವಲ್ಪ ದಿನಾ ಹಾಂಗ ಬಿಡಬೇಕು. ಮರಿಗೋಳು ತಿರಗಿ ಬಂದ ಬರತಾವು.’

ನೀಲಾಬಾಯಿ ಅವಳ ಬೆನ್ನು ನೋಡಿದಳು. ಜ್ವರದಿಂದ ಎದ್ದವಳೇ ಹೊರತು ಅವಳು ಪೆದ್ದಿಯಲ್ಲ. ಮೆಲ್ಲಗೆ ಅಂದಳು: ‘ಪಾಪ ಯಾಕ ಕಟಗೋಬೇಕ್ರಿ. ಇರ್ಲಿ. ಅಲ್ಲೀತನಕ ನಾನೂ ನಿಮ್ಮ ಒಲಿ ಮುಂದನ ಇರತೀನ್ರಿ, ಹಾಂಗಾದ್ರ.’

ಆ ಕಡೆಯ ಲೆಕ್ಕವನ್ನು ಗುರುಬಸವ್ವ ಹಾಕಿರಲಿಲ್ಲ. ಒಂದು ಒಲೆ, ಒಂದು ಮಣೆ, ಇಬ್ಬರು ಹೆಂಗಸರು. ಎದುರಿಗೆ ಅವನು ಉಣ್ಣುತ್ತ ಕೂತಿರುತ್ತಾನೆ. ಕಣ್ಣೆತ್ತಿದರೆ ಯಾರ ಕಡೆ ಎತ್ತುತ್ತಾನೋ. ಅವನು ಅಂಗಳ ದಾಟಿ ಹೋಗಿ ಕಣ್ಣಿಗೆ ಕಾಣದಂತೆ ಉಣ್ಣುವುದು ಹೆಚ್ಚು ಸುಡುತ್ತದೋ, ತನ್ನ ಮುಂದೆಯೇ ಕೂತು ಇವಳನ್ನು ನೋಡುವುದು ಹೆಚ್ಚು ಸುಡುತ್ತದೋ? ಒಲೆಯಲ್ಲಿ ಬೆಕ್ಕು ಹಾಲು ನೆಕ್ಕುವ ಸಪ್ಪಳ ಮಾತ್ರ ಕೇಳುತ್ತಿತ್ತು. ಅವಳು ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

‘ಇರು’ ಎಂದಳು. ‘ಆದ್ರ ಹಿಟ್ಟು ನಾದೂದು ನೀನು, ಬಡಿಯೂದು ನಾನು. ಅವರ ತಾಟಿಗಿ ಹಾಕೂದೂ ನಾನ.’

‘ಆಗ್ಲಿರಿ. ಪಲ್ಯ?’

‘ಪಲ್ಯದ್ದು ನಾಳಿ ನೋಡೂಣು.’

ಗುರುಬಸವ್ವ ಸೆರಗು ಜಾಡಿಸಿಕೊಂಡು ಹೊರಗೆ ಬಂದಳು. ಅಂಗಳದ ನಡುವೆ ಬಂದವಳಿಗೆ, ಒಳಗೆ ಉಳಿದವಳು ಈಗ ಬೆಕ್ಕಿನ ತಲೆ ಸವರುತ್ತಿದ್ದಾಳೇನೋ ಎನ್ನಿಸಿ, ತಿರುಗಿ ನೋಡಿದಳು. ಸವರುತ್ತಿದ್ದಳು.